ಲಕ್ಕಮ್ಮನ ಅಕ್ಕಿ, ಎಲ್ಲರ ಸರ್ವರ್

ಎಲ್ಲರಿಗೂ ತೆರೆದಿಟ್ಟದ್ದರಲ್ಲಿ ಒಬ್ಬರು ಎಷ್ಟು ತೆಗೆದುಕೊಳ್ಳಬಹುದು? ಕೇಳುವವರಿಲ್ಲ, ಕಾಸು ಕೊಡಬೇಕಿಲ್ಲ, ಬೀಗವೂ ಇಲ್ಲ. ಆಗ ಕೈ ಎಲ್ಲಿ ನಿಲ್ಲಬೇಕು?

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಕೊಟ್ಟ ದಂಪತಿಯ ಊರು. ಶರಣರ ಕಥೆ ಹೇಳುವಂತೆ, ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಹೆಂಡತಿ ಲಕ್ಕಮ್ಮ ಅದರಲ್ಲೇ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಚೆಲ್ಲಿತ್ತು, ಆತ ಹೆಚ್ಚೇ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರಲು ಗಂಡನನ್ನು ವಾಪಸ್ ಕಳಿಸಿದಳು.

ಇಂದು ಅಂಥ ಅಂಗಳ ಇಂಟರ್ನೆಟ್ಟಿನಲ್ಲಿದೆ. ವಿಕಿಪೀಡಿಯ, ವಿಕಿಸೋರ್ಸ್‌ಗಳ ಎಪಿಐ ಮುಕ್ತವಾಗಿದೆ. ಒಂದು ಪ್ರೋಗ್ರಾಮ್ ನೇರವಾಗಿ ಸರ್ವರನ್ನು ಕೇಳಿ ಪುಟದ ಪಠ್ಯವನ್ನು ಪಡೆಯಬಹುದು, ಶುಲ್ಕವಿಲ್ಲ. 2006ರಲ್ಲಿ ಅಮೆಜಾನ್ ತನ್ನ ಸ್ಟೋರೇಜ್ ಮತ್ತು ಸರ್ವರ್‌ಗಳನ್ನು ಬಾಡಿಗೆಗೆ ಕೊಡತೊಡಗಿದ ಮೇಲೆ ಸ್ವಂತ ಯಂತ್ರವೂ ಬೇಕಿಲ್ಲ. ಸಿಂಧನೂರಿನಲ್ಲಿ ಕುಳಿತ ವಿದ್ಯಾರ್ಥಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕಟ್ಟಿ ವಚನಗಳ ಹುಡುಕಾಟಕ್ಕೊಂದು ಆ್ಯಪ್ ನಿಲ್ಲಿಸಬಹುದು.

ಈ ಮುಕ್ತತೆ ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನ ಅಶೋಕನ ಹೆಸರನ್ನೇ ಹೇಳಿ ಪ್ರಸಿದ್ಧವಾಯಿತು. ಅದರ ಒಳಗಿನ ಮಾತು ಅದಕ್ಕಿಂತ ದೊಡ್ಡದು: ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಸಾಮಾನ್ಯನೂ ಪಡೆಯಬಲ್ಲ ಎನ್ನುತ್ತದೆ ಆ ಬಂಡೆ. ಎಷ್ಟು ಜನ ಓದಿದರೂ ಬಂಡೆಗೆ ಖರ್ಚಿಲ್ಲ. ಸರ್ವರ್‌ಗೆ ಪ್ರತಿ ಕೋರಿಕೆಗೂ ಕರೆಂಟು ಬೇಕು, ತಂಪು ಬೇಕು, ಬಿಲ್ಲು ಕಟ್ಟಲು ದೇಣಿಗೆ ಬೇಕು.

ಡೇಟಾ ನಕಲು ಮಾಡಿದರೆ ಮೂಲ ಕರಗುವುದಿಲ್ಲ, ಹಾಗಾಗಿ ಅಕ್ಕಿಯ ನೀತಿ ಇಲ್ಲಿ ಹೊಂದದು ಎಂದು ವಾದಿಸುವವರಿದ್ದಾರೆ. ಪಠ್ಯದ ಮಟ್ಟಿಗೆ ಅದು ನಿಜ, ಯಂತ್ರದ ಮಟ್ಟಿಗೆ ಸುಳ್ಳು. ವಿಕಿಪೀಡಿಯ, ವಿಕಿಸೋರ್ಸ್‌ಗಳನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2025ರ ಏಪ್ರಿಲ್‌ನಲ್ಲಿ ಬಿಚ್ಚಿಟ್ಟ ಲೆಕ್ಕ ನೋಡಿ: 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೊಗಳ ಡೌನ್‌ಲೋಡಿಗೆ ಬೇಕಾದ ಬ್ಯಾಂಡ್‌ವಿಡ್ತ್ ಶೇ 50ರಷ್ಟು ಏರಿತು. ಪುಟ ವೀಕ್ಷಣೆಯಲ್ಲಿ ಬಾಟ್‌ಗಳ, ಅಂದರೆ ತಾವಾಗೇ ಪುಟ ತೆರೆಯುವ ಪ್ರೋಗ್ರಾಮ್‌ಗಳ, ಪಾಲು ಸುಮಾರು ಶೇ 35, ಅತಿ ದುಬಾರಿ ಟ್ರಾಫಿಕ್‌ನಲ್ಲಿ ಶೇ 65. ಕಾರಣ ಸರಳ. ಜನ ಹೆಚ್ಚು ಓದುವ ಪುಟಗಳ ಪ್ರತಿ ಹತ್ತಿರದ ಸರ್ವರ್‌ನಲ್ಲೇ ಇರುತ್ತದೆ. ಎಐ ಕಲಿಕೆಗೆ ಸಿಕ್ಕಿದ್ದನ್ನೆಲ್ಲ ಗೋರುವ ಬಾಟ್‌ಗಳು ಯಾರೂ ತೆರೆಯದ ಪುಟಗಳನ್ನೂ ಕೇಳುತ್ತವೆ. ಆ ಕೋರಿಕೆ ಮೂಲ ಡೇಟಾ ಸೆಂಟರ್‌ವರೆಗೂ ಹೋಗಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ಎಳೆದರೆ ಕೊನೆಭಾಗದ ಭತ್ತ ಒಣಗುತ್ತದೆ.

ಹೆಚ್ಚು ಗೋರಿದವರಿಗಿಂತ ಮೊದಲು ಪೆಟ್ಟು ತಿನ್ನುವವರು ಸಣ್ಣವರೇ. 2023ರಲ್ಲಿ ಟ್ವಿಟರ್ ಉಚಿತ ಎಪಿಐಗೆ ಕತ್ತರಿ ಹಾಕಿತು. ಎಐ ಕಂಪನಿಗಳು ಪುಕ್ಕಟೆ ಡೇಟಾ ಒಯ್ಯುತ್ತಿವೆ ಎಂದ ರೆಡ್ಡಿಟ್ ಕೂಡ ದರ ನಿಗದಿ ಮಾಡಿತು. ರೆಡ್ಡಿಟ್ ಓದಲೆಂದು ಒಬ್ಬ ಡೆವಲಪರ್ ಕಟ್ಟಿದ್ದ ಅಪೋಲೊ ಎಂಬ ಜನಪ್ರಿಯ ಆ್ಯಪ್ ಆ ಜೂನ್ ಕೊನೆಗೆ ಬಾಗಿಲು ಮುಚ್ಚಿತು. ಹಣವಿರುವ ಕಂಪನಿಗಳಿಗೆ ದರ ಕಟ್ಟುವುದು ಕಷ್ಟವಲ್ಲ. ಅನುಮತಿ ಇದೆ ಎಂಬುದೊಂದೇ ಅಳತೆಯಾದರೆ ಮುಕ್ತತೆ ಉಳಿಯದು. ಲಕ್ಕಮ್ಮ ಅನುಮತಿಯ ಮಾತನ್ನೇ ಎತ್ತಲಿಲ್ಲ, ಅಗತ್ಯ ಎಷ್ಟು ಎಂದು ಕೇಳಿದಳು. ಕೋಡ್ ಬರೆಯುವವರಿಗೆ ಧರ್ಮ ಅನ್ನುವುದೊಂದು ಇದ್ದರೆ ಅದು ಇಲ್ಲಿಂದ ಶುರುವಾಗಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ತರುಣ ಡೆವಲಪರ್‌ಗಳು ಇದನ್ನು ಇವತ್ತೇ ಪಾಲಿಸಬಹುದು. ಕನ್ನಡ ವಿಕಿಸೋರ್ಸ್‌ನ ಇಡೀ ಪಠ್ಯ ಬೇಕಿದ್ದರೆ ಪುಟಪುಟಕ್ಕೂ ಸರ್ವರ್ ತಟ್ಟಬೇಡಿ. ವಿಕಿಮೀಡಿಯವೇ ಕೊಡುವ ಡಂಪ್ ಫೈಲನ್ನು ಒಮ್ಮೆ ಇಳಿಸಿಕೊಳ್ಳಿ. ಎಪಿಐ ಬಳಸುವುದಾದರೆ ಯೂಸರ್ ಏಜೆಂಟ್‌ನಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರು, ಸಂಪರ್ಕದ ವಿಳಾಸ ಬರೆಯಿರಿ. ಒಮ್ಮೆ ಪಡೆದ ಪುಟವನ್ನು ನಿಮ್ಮಲ್ಲೇ ಉಳಿಸಿಟ್ಟುಕೊಂಡು, ಅದನ್ನೇ ಮತ್ತೆ ಮತ್ತೆ ಕೇಳುವುದನ್ನು ಬಿಡಿ.