ಸಾಸಲು ಕಟ್ಟುವ ಕೈ

ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸುವವನ ಕೈಯಲ್ಲಿ ವಿಚಿತ್ರವಾದ ಜೋಪಾನವೊಂದು ಕಾಣುತ್ತದೆ. ಹೆಗ್ಗಡದೇವನಕೋಟೆಯ ಕಡೆ ಕೆರೆ ಏರಿಯ ಮೇಲೆ ಕುಚ್ಚು ಮೀನಿಗೆ ಕಾಯುವವರನ್ನು ಗಮನಿಸಿ. ಬಕೀಟಿನಿಂದ ಎರೆಯ ಸಾಸಲು ಮೀನನ್ನು ಎತ್ತುವ ಮೊದಲು ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳುತ್ತಾರೆ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಮೀನು ಬೇಗ ಸೊರಗುತ್ತದೆ. ಗಾಳದ ಮೊನೆ ಬೆನ್ನುರೆಕ್ಕೆಯ ಬುಡದಲ್ಲಿ, ಮೂಳೆಯ ಮೇಲುಗಡೆ, ಒಂದಿಷ್ಟು ಚರ್ಮ, ಒಂದಿಷ್ಟು ಮಾಂಸ ಹಿಡಿದು ಆಚೆ ಬರಬೇಕು. ತುಸು ಕೆಳಗಿಳಿದರೆ ಬೆನ್ನುಹುರಿ ಹೋಯಿತು. ಆಮೇಲೆ ಅದು ಎರೆಯಲ್ಲ, ಹೆಣ. ಹರಿಯುವ ನೀರಾದರೆ ಬೆನ್ನು ಬಿಟ್ಟು ತುಟಿಗೆ ಸಿಕ್ಕಿಸುತ್ತಾರೆ. ಸೆಳೆತಕ್ಕೆ ಮುಖ ಕೊಟ್ಟು ನಿಂತರೆ ಮೀನು ಸರಾಗವಾಗಿ ಉಸಿರಾಡೀತು. ಬೆನ್ನಿನಿಂದ ಜಗ್ಗಿದರೆ ಅಡ್ಡಡ್ಡ ಎಳೆದುಕೊಂಡು ಹೋಗಿ, ನೀರಿನ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬಕೀಟಿನ ಮೇಲೆ ಒದ್ದೆ ಗೋಣಿ, ಬಿಸಿಲೇರಿದಂತೆ ನೀರಿನ ಬದಲಾವಣೆ. ಕೊಲ್ಲಲು ಹೊರಟ ಕೈಗೆ ಬದುಕಿಸುವ ವಿದ್ಯೆ ಮೊದಲು ಬರಬೇಕು. ಇದನ್ನು ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಕ್ರೌರ್ಯ ಹೌದೇ ಹೌದು. ಆದರೂ ನೋಡುತ್ತ ನಿಂತವನಿಗೆ ಅಷ್ಟಕ್ಕೇ ತೃಪ್ತಿಯಾಗುವುದಿಲ್ಲ.

ಭೂಮಿಯ ಇನ್ನೊಂದು ಬದಿಯಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ನೀಲಿ ರೆಕ್ಕೆಯ ಟ್ಯೂನಾ ಹಿಡಿಯುವವರೂ ಮಾಡುವುದು ಇದನ್ನೇ. ನಮ್ಮ ಕರಾವಳಿಯವರು ಕೇದರ ಎನ್ನುತ್ತಾರಲ್ಲ, ಆ ಬಳಗದ ದೈತ್ಯ ಅದು. 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಕೆನ್ ಫ್ರೇಸರ್ ಎಂಬಾತ ಹಿಡಿದದ್ದು 679 ಕೆ.ಜಿ. ತೂಗಿತ್ತು. ಸುತ್ತಲಿನ ನೀರಿಗಿಂತ ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳಬಲ್ಲ ಮೀನು. ಮಹಾಸಾಗರವನ್ನೇ ಅಡ್ಡಹಾಯುವ ಮೀನು. ಅದರ ಮುಂದೆ ಇಡುವುದು ಬಂಗುಡೆಯ ಜಾತಿಯ ಒಂದು ಪುಟ್ಟ ಮೀನನ್ನು. ಅಲ್ಲಿನವರ ಜೋಪಾನ ನಮ್ಮವರಿಗಿಂತ ಒಂದು ಕೈ ಮುಂದೆ. ಹಲವರು ಕೊಕ್ಕೆಯನ್ನು ಎರೆಮೀನಿನ ಮೈಗೆ ಚುಚ್ಚುವುದೇ ಇಲ್ಲ. ಸೂಜಿಯಿಂದ ಸಣ್ಣ ರಬ್ಬರ್ ಬ್ಯಾಂಡ್ ಪೋಣಿಸಿ ಕುಣಿಕೆ ಮಾಡಿ, ಕೊಕ್ಕೆ ಮೈಯಿಂದಾಚೆ ತೂಗುವಂತೆ ಕಟ್ಟುತ್ತಾರೆ. ಕೆಲವರು ದಾರವನ್ನು ಗಾಳಿಪಟಕ್ಕೆ ತಗುಲಿಸಿ ಮೇಲೆ ಹಾರಿಸುತ್ತಾರೆ. ನೀರಿನಲ್ಲಿ ದಾರವೇ ಕಾಣದು, ಎರೆಮೀನು ಮಾತ್ರ ಅಲೆಯ ಮೇಲೆ ಪಟಪಟ ಎನ್ನುತ್ತಿರುತ್ತದೆ. ಆಕಾಶಕ್ಕೆ ಪಟ, ಕಡಲಿಗೆ ಮೀನು, ನಡುವೆ ಒಂದೇ ದಾರ. ಇಷ್ಟು ಚೆಂದದ ಕಪಟವನ್ನು ನಾನು ಬೇರೆಲ್ಲೂ ಕೇಳಿಲ್ಲ.

ನನ್ನನ್ನು ಬಹಳ ಕಾಡಿದ ಸಂಗತಿ ಇದರ ಮುಂದಿನದು. ದೊಡ್ಡ ಮೀನು ಕಚ್ಚುವ ಮುಂಚೆ, ಎಷ್ಟೋ ಸಲ ಅದು ಇನ್ನೂ ದೂರದಲ್ಲಿರುವಾಗಲೇ, ಎರೆಮೀನಿಗೆ ಸುದ್ದಿ ಮುಟ್ಟಿರುತ್ತದೆ. ಅಷ್ಟು ಹೊತ್ತು ಒಂದೇ ಲಯದಲ್ಲಿ ಅಲುಗುತ್ತಿದ್ದ ಬೆಂಡು ಇದ್ದಕ್ಕಿದ್ದಂತೆ ನಡುಗುತ್ತದೆ. ಬೆರಳಿಗೆ ಸುತ್ತಿದ ಟಂಗೂಸಿನ ದಾರದಲ್ಲಿ ಆ ನಡುಕ ಹರಿದುಬರುತ್ತದೆ. ಕೆರೆಯವನಿಗೂ ಸಾಗರದವನಿಗೂ ಅದರ ಅರ್ಥ ಒಂದೇ: ಬರುತ್ತಿದೆ. ಏನು ಬರುತ್ತಿದೆ, ಎಷ್ಟು ದೊಡ್ಡದು, ಯಾವ ದಿಕ್ಕಿನಿಂದ ಎಂಬುದು ಮೇಲಿದ್ದವನಿಗೆ ಗೊತ್ತಿಲ್ಲ. ಗೊತ್ತಿರುವುದು ಹೆಬ್ಬೆರಳಿನ ಗಾತ್ರದ ಆ ಜೀವಕ್ಕೆ ಮಾತ್ರ. ಅದರ ಮೈಯ ಪಕ್ಕದುದ್ದಕ್ಕೂ ನೀರಿನ ಅಲುಗಾಟವನ್ನು ಓದುವ ಗೆರೆಯೊಂದಿದೆ. ಸಾಸಲು, ಗೆಂಡೆಗಳ ಕುಲಕ್ಕೆ ಇನ್ನೂ ಒಂದು ಉಪಕಾರ ಆಗಿದೆ: ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಕಿವಿಗೆ ಪುಟ್ಟ ಮೂಳೆಗಳ ಸರಪಳಿ. ಚೀಲ ಕಂಪಿಸಿದರೆ ಕಿವಿಗೆ ಕೇಳಿತು. ಕೆರೆ ದಂಡೆಯಲ್ಲಿ ಹಿರಿಯರು ಹುಡುಗರನ್ನು ‘ಕುಣೀಬೇಡ್ರೋ’ ಎಂದು ಗದರುವುದು ಸುಮ್ಮನೆ ಅಲ್ಲ.

ಜೇನುನೊಣದ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್, 1938ರ ಸುಮಾರಿಗೆ ಇದೇ ಕುಲದ ಸಣ್ಣ ಮೀನುಗಳಲ್ಲಿ ಮತ್ತೊಂದನ್ನು ಕಂಡುಕೊಂಡ. ಒಂದು ಮೀನಿನ ಚರ್ಮ ಹರಿದರೆ ಅದರಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ. ಅದರ ವಾಸನೆ ಹಿಡಿದ ಬಳಗವೆಲ್ಲ ಬೆದರಿ ಅಲ್ಲಿಂದ ಓಡುತ್ತದೆ. ಅಂದರೆ ಗಾಳದ ಮೊನೆ ಮಾಡಿದ ತೂತಿನಿಂದಲೇ ಎಚ್ಚರಿಕೆ ಹೊರಟಿರುತ್ತದೆ. ಬಳಗ ಓಡಿಹೋದ ನೀರಿನಲ್ಲಿ ಸಾಸಲು ಒಂಟಿ. ಕುಚ್ಚು ಮೀನಿಗೆ ಬೇಕಾದದ್ದೂ ಒಂಟಿಯಾದದ್ದೇ.

ಈಗ ಮತ್ತೆ ಹೆಗ್ಗಡದೇವನಕೋಟೆಯ ಕಡೆಗೆ, ಅಲ್ಲಿನ ಕಬಿನಿಗೆ ಬರೋಣ. 1946ರಲ್ಲಿ ಈ ನದಿಯಲ್ಲಿ, ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಹಿಡಿದ ಮಹಶೀರ್, ನಮ್ಮವರ ಬಿಳಿಮೀನು, 120 ಪೌಂಡ್ ಇತ್ತು, ಹೆಚ್ಚುಕಡಿಮೆ 54 ಕೆ.ಜಿ. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲೆಲ್ಲ ಅದೇ ದೊಡ್ಡದೆಂದು ಈಗಲೂ ಹೇಳುತ್ತಾರೆ. ರಾಜಮಹಾರಾಜರು ಹೊಡೆದ ಹುಲಿಗಳನ್ನು ಜೀವ ಬಂದಂತೆ ನಿಲ್ಲಿಸುತ್ತಿದ್ದ ಆ ಮನೆತನ, ಮಕ್ಕಳಿಗೆ ಬೋಯರ್ ಯುದ್ಧದ ಸೇನಾನಿಗಳ ಹೆಸರಿಟ್ಟಿತ್ತು: ಡಿ ವೆಟ್, ಬೋಥಾ, ಜೂಬರ್ಟ್. ದಕ್ಷಿಣ ಆಫ್ರಿಕಾದ ಸೇನಾನಿಯ ಹೆಸರಿನವನ ಕೈಗೆ ಕಬಿನಿಯ ಬಿಳಿಮೀನು. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ; ಹಲ್ಲೆಲ್ಲ ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲೇ ಜಜ್ಜಿ ನುಂಗುತ್ತದೆ. ಸಣ್ಣ ಮೀನನ್ನೂ ಬಿಡದು. ಕಾವೇರಿಯ ದಡದಲ್ಲಿ ಇದಕ್ಕೆ ರಾಗಿ ಹಿಟ್ಟು ಬೇಯಿಸಿ, ಗಟ್ಟಿ ಉಂಡೆ ಮಾಡಿ ಗಾಳಕ್ಕೆ ಮೆತ್ತುವ ರೂಢಿ ಬಹಳ ಕಾಲ ಇತ್ತು. ಮುದ್ದೆ ಉಣ್ಣುವ ಸೀಮೆಯಲ್ಲಿ ಮೀನೂ ಮುದ್ದೆಗೆ ಬಾಯಿ ಬಿಟ್ಟದ್ದರಲ್ಲಿ ಆಶ್ಚರ್ಯವೇನು!

ಕಬಿನಿಗೆ ಅಡ್ಡಲಾಗಿ ಕಟ್ಟಿದ ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿಯಿತು. ಕಾಡಾನೆ ಹಿಡಿಯುವ ಖೆಡ್ಡಾಕ್ಕಾಗಿ ಆನೆಗಳನ್ನು ನದಿ ಹಾಯಿಸುತ್ತಿದ್ದ ಕಾಕನಕೋಟೆಯ ಜಾಗ ಹಿನ್ನೀರಿನಡಿ ಹೋಯಿತು. ಮಳೆಗಾಲದಲ್ಲಿ ಮೇಲುಹರಿವಿಗೆ ಏರಿ, ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಇಡುವ ಮೀನಿಗೆ ನಿಂತ ನೀರು ಹೊಂದಲಿಲ್ಲ. ಇತ್ತ ಕಾವೇರಿಗೆ ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬಿಟ್ಟರು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟರು. ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಹಳೆಯ ಮೀನು ಅಪರೂಪವಾಗುತ್ತ ಹೋಯಿತು. ಡಿ ವೆಟ್ ಹಿಡಿದದ್ದು ಆ ಗೂನುಬೆನ್ನಿನದೇ ಎಂಬುದು ಬಲ್ಲವರ ಎಣಿಕೆ. ಸೋಜಿಗ ಎಂದರೆ, ಅಷ್ಟು ಹೊತ್ತಿಗೂ ಆ ಮೀನು ಯಾವ ಪ್ರಭೇದವೆಂದು ವಿಜ್ಞಾನಕ್ಕೆ ಖಚಿತವಾಗಿ ತಿಳಿದಿರಲಿಲ್ಲ. ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ನದಿಯ ಮೀನಿಗೆ ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿಯೈ’ ಎಂಬ ಹೆಸರು ಇದರದೇ ಎಂದು ಸಂಶೋಧಕರು ಪ್ರಕಟಿಸಿದ್ದು 2018ರಲ್ಲಿ. ಭಾರತದ ಮೀನುವಿಜ್ಞಾನಿ ರೆಮಾದೇವಿಯವರ ಹೆಸರು ಅದು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ತೂಕ ಗೊತ್ತಾಗಿ 72 ವರ್ಷವಾದ ಮೇಲೆ ಗುರುತು ಸಿಕ್ಕಿತು.

ಇದನ್ನು ಓದಿದಾಗ ನನಗೆ ಆ ಬೆಂಡಿನ ನಡುಕ ನೆನಪಾಯಿತು. ತಕ್ಕಡಿಗೆ ಬಂದ ಮೇಲೆ ದೈತ್ಯವೂ ಒಂದು ಅಂಕಿಯೇ. 120 ಪೌಂಡು, 679 ಕೆ.ಜಿ. ಎಂದಾಗ ಬಾಯಿ ತೆರೆಯುತ್ತೇವೆ, ಮುಚ್ಚುತ್ತೇವೆ. ಇನ್ನೂ ಕಾಣದ್ದು, ಇನ್ನೂ ಅಳೆಯದ್ದು, ಒಂದು ಸಾಸಲಿನ ಹೆದರಿಕೆಯಲ್ಲಿ ನಮ್ಮ ಬೆರಳಿನ ತನಕ ಬರುತ್ತದಲ್ಲ, ಆ ಗಳಿಗೆಗೆ ಅಂಕಿ ಇಲ್ಲ. ಕಬಿನಿಯ ಆ ಮೀನು ಬರುವಾಗ ಡಿ ವೆಟ್‌ನ ಕೈಗೆ ಏನು ತಿಳಿಯಿತೋ, ಅದನ್ನು ಯಾರೂ ದಾಖಲೆ ಪುಸ್ತಕದಲ್ಲಿ ಬರೆಯುವುದಿಲ್ಲ.

ಗಾಳವಿಲ್ಲದೆಯೂ ಮಹಶೀರ್ ನೋಡಬಹುದು. ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಗೆ ಬಂದು ಧುಮುಕುವ ಮೊದಲು ಕಾವೇರಿ ರಾಮನಾಥಪುರವನ್ನು ಹಾಯುತ್ತಾಳೆ. ಅಲ್ಲಿ ಅವು ದೇವರ ಮೀನು, ಮುಟ್ಟುವಂತಿಲ್ಲ. ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದರೆ ಮೈಗೆ ಮೈ ಉಜ್ಜುತ್ತ ಮೇಲೇಳುತ್ತವೆ. ನನ್ನ ಪಕ್ಕ ನಿಂತಿದ್ದ ಹುಡುಗನೊಬ್ಬ ಅಪ್ಪನನ್ನು ಕೇಳಿದ, ಇವು ಏನು ತಿಂದು ಇಷ್ಟು ದಪ್ಪ ಆಗಿವೆ ಎಂದು. ಅಪ್ಪ ಪುರಿಯ ಪೊಟ್ಟಣ ತೋರಿಸಿದ. ಹುಡುಗ ನಂಬಲಿಲ್ಲ. ದಡದ ಕಲ್ಲಿನ ಸಂದಿನಲ್ಲಿ ಗುಂಪಾಗಿ ಒತ್ತಿಕೊಂಡಿದ್ದ ಸಾಸಲು ಮರಿಗಳನ್ನು ಬಗ್ಗಿ ನೋಡತೊಡಗಿದ.