ಎಷ್ಟು ದನಿ ಸಾಕು?

ತಿಕೋಟಾದಲ್ಲಿ ನಮ್ಮ ಅಕ್ಕನ ಮಗ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಗೋಡೆಗೆ ಇಳಿಬಿಟ್ಟ ಕೌದಿ, ಒಂದು ಮೈಕು, ಒಂದು ಲ್ಯಾಪ್‌ಟಾಪು. ಮೊಹರಂ ಮುಂದಿರುವಾಗ ಓಣಿಯ ಹಿರಿಯರೊಬ್ಬರ ರಿವಾಯತ್ ಪದವನ್ನು ಮುದ್ರಿಸಿಕೊಂಡ. ಕರ್ಬಲದ ಕಥೆ ಹೇಳುವ ಈ ಪದಗಳನ್ನು ನಮ್ಮ ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಹಾಡುತ್ತ ಬಂದಿದ್ದಾರೆ. ಹುಡುಗ ಅದಕ್ಕೆ ಡ್ರಮ್ಮು, ಬೇಸು, ಪಿಟೀಲು, ಚಪ್ಪಾಳೆ ಎಲ್ಲ ಸೇರಿಸಿ 28 ಟ್ರ್ಯಾಕ್ ಮಾಡಿ ಕೇಳಿಸಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲಾ ಚೊಲೋ ಅದ. ಆದ್ರ ಇದರಾಗ ನಾ ಎಲ್ಲಿ ಅದೀನೋ ತಮ್ಮಾ?"

ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ನಡುವೆ. ಪಿಟೀಲು, ಚಪ್ಪಾಳೆಗಳೂ ಅಲ್ಲೇ ಬಂದು ಕೂತರೆ ಪದ ಮುಚ್ಚಿಹೋಗುತ್ತದೆ. ದನಿ ಏರಿಸಿದರೆ ಡ್ರಮ್ಮು ಸೊರಗುತ್ತದೆ. ಡ್ರಮ್ಮು ಏರಿಸಿದರೆ ಮತ್ತೆ ದನಿ ಮುಳುಗುತ್ತದೆ. ಕೊನೆಗೆ ಎಲ್ಲವನ್ನೂ ಹಿಂಡಿ ಜೋರು ಮಾಡಿದರೂ ಫಲವಿಲ್ಲ, ಮಿತಿ ಮೀರಿದ ಜೋರನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಗೋಲಗುಮ್ಮಟ ಹತ್ತಿದವರಿಗೆ ಇದು ಗೊತ್ತು. ಒಬ್ಬ ಪಿಸುಗುಟ್ಟಿದರೆ ಎದುರು ಗೋಡೆಯವನಿಗೆ ಕೇಳುತ್ತದೆ; ಎಲ್ಲರೂ ಕೂಗಿದರೆ ಯಾರ ಮಾತೂ ಯಾರಿಗೂ ಸಿಗುವುದಿಲ್ಲ.

1982ರಲ್ಲಿ ಮುಂಬಯಿಯ ಚರಣ್‌ಜೀತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡ್ ತಂದರು. ಇದ್ದದ್ದು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ: ತಾಳಕ್ಕೊಂದು, ಬೇಸಿಗೊಂದು, ರಾಗಕ್ಕೊಂದು. ಆಗ ಜನ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಯಂತ್ರವೇ ನುಡಿದರೂ ಅಲ್ಲಿ ರಾಗ ಕಳೆದುಹೋಗಿಲ್ಲ.

ಇದನ್ನೆಲ್ಲ ಹೇಳಿದಾಗ ಹುಡುಗ, "ಮಾಮೂ, ಡಾಲ್ಬಿಗೆ ಹಚ್ಚಿದ್ರ ಖಾಲಿ ಖಾಲಿ ಅನಸ್ತದ" ಎಂದ. ಅವನ ಮಾತು ಸುಳ್ಳಲ್ಲ. ಮದುವೆ ಮೆರವಣಿಗೆಯಲ್ಲಿ ಕುಣಿಯುವವನಿಗೆ ಎದೆಗೆ ಬಡಿಯುವ ಬೇಸು ಬೇಕು. ಆದರೆ ಇದು ಇನ್ನೊಬ್ಬರು ನಂಬಿ ಕೊಟ್ಟ ದನಿ. ಅದರ ಏರಿಳಿತ ಈಗ ನಮ್ಮ ಬೆರಳ ತುದಿಯಲ್ಲಿದೆ. ಆಗ ಕಡಿಮೆ ಮಾಡುವುದು ಬರೀ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದು ಅಮಾನತ್ತಿನ ಪ್ರಶ್ನೆ.

ಒಂದೊಂದೇ ತೆಗೆಯುತ್ತ ಬಂದೆವು. ದನಿ, ಹಲಗೆ, ಗೆಜ್ಜೆ, ತೆಳುವಾದ ಒಂದು ಬೇಸು ಉಳಿದವು. ನನಗೆ ಹುರುಪು ಬಂತು. ಗೆಜ್ಜೆಯೂ ಬೇಡ, ದನಿಯ ಮೇಲೆ ಹಾಯುತ್ತದೆ ಎಂದೆ. ಹಿರಿಯರು ತಲೆ ಎತ್ತಿದರು. "ಗೆಜ್ಜಿ ತಗದ್ರ ನನ್ನ ಕಾಲು ಕಡದಂಗ ಆಗ್ತದ. ನಾ ನಿಂತು ಹಾಡಾಂವ, ಕುಂತು ಹಾಡಾಂವ ಅಲ್ಲ."

ನಾನು ತಪ್ಪಿದ್ದೆ. ತುಂಬುವ ಅಹಂಕಾರ ಒಂದಿದ್ದರೆ, ತೆಗೆಯುವ ಅಹಂಕಾರವೂ ಒಂದಿದೆ. ಎರಡರಲ್ಲೂ ಹಾಡುವವನನ್ನು ಕೇಳುವುದನ್ನು ನಾವು ಮರೆತಿರುತ್ತೇವೆ. ಯಾವುದು ಹೆಚ್ಚು, ಯಾವುದು ಸಾಕು ಎಂಬುದನ್ನು ಕಂಪ್ಯೂಟರಿನ ಪರದೆ ಹೇಳಲಾರದು.

ಕಥೆಯ ಒಂದೆಡೆ ಅವರ ದನಿ ಒಡೆಯುತ್ತದೆ. ಸರಿಮಾಡಲೇ ಎಂದು ಹುಡುಗ ಕೈ ಚಾಚಿದ. ಈ ಸಲ ಅವನು ನನ್ನನ್ನು ನೋಡಲಿಲ್ಲ, ಅವರನ್ನು ಕೇಳಿದ. "ಇರಲಿ ಬಿಡೋ" ಎಂದರು. ಹಾಗೇ ಇದೆ.