ಯಾರದೆಂದು ಹೇಳಲಾಗದ ನಷ್ಟ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಮೊದಲು ಅದನ್ನು ಹೇಳುವುದು ಮಕ್ಕಳ ಹಲ್ಲು: ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ. ವರ್ಷಗಳು ಕಳೆದ ಮೇಲೆ ಎಲುಬು ಹೇಳುತ್ತದೆ. ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೆಲ್ಲೂರು ಜಿಲ್ಲೆಯ ಹಳ್ಳಿಗಳ ಈ ಕಾಯಿಲೆಯ ಕುರಿತು ವೈದ್ಯರು 1937ರಲ್ಲೇ ಬರೆದಿದ್ದರು. ನಲ್ಗೊಂಡ, ಪಾವಗಡ, ಪಾವಗಡಕ್ಕೆ ತಾಗಿರುವ ಆಂಧ್ರದ ಅನಂತಪುರ ಸೀಮೆ, ಹೀಗೆ ಕಗ್ಗಲ್ಲಿನ ನೆಲದಲ್ಲಿ ಕೊಳವೆಬಾವಿ ಆಳಕ್ಕಿಳಿದ ಹಲವೆಡೆ ಇದೇ ಕತೆ. ಮುರಕಲ್ಲಿನ ಸುರಂಗದ ನೀರು ಕುಡಿದು ಬೆಳೆದ ನಮ್ಮ ಕಾಸರಗೋಡಿನವರಿಗೆ ಇದು ದೂರದ ಸಂಗತಿಯಾಗಿ ಕಾಣಬಹುದು. ಅಷ್ಟೇನೂ ದೂರದ್ದಲ್ಲ, ಮುಂದೆ ಹೇಳುತ್ತೇನೆ.

ಹಲ್ಲು ಹೇಳುತ್ತದೆ, ಎಲುಬು ಹೇಳುತ್ತದೆ. ಮಿದುಳು ಮಾತ್ರ ಏನನ್ನೂ ಹೇಳುವುದಿಲ್ಲ. ತಾಯಿ ಕುಡಿದ ನೀರಿನ ಫ್ಲೋರೈಡ್ ಮಾಸನ್ನು ದಾಟಿ ಗರ್ಭದ ಶಿಶುವನ್ನು ಸೇರುತ್ತದೆ. ಹುಟ್ಟಿದ ಮೇಲೆ ಅದೇ ನೀರಿನಲ್ಲಿ ಕಲಸಿದ ಹಾಲುಪುಡಿ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಕೆನಡಾ, ಚೀನಾ, ಭಾರತ, ಇರಾನ್, ಪಾಕಿಸ್ತಾನ, ಮೆಕ್ಸಿಕೋಗಳ ಅಧ್ಯಯನಗಳನ್ನು ಪರಿಶೀಲಿಸಿ 2024ರ ಆಗಸ್ಟಿನಲ್ಲಿ ತನ್ನ ವರದಿ ಕೊಟ್ಟಿತು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಐಕ್ಯೂ ಕಡಿಮೆಯಾಗುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಬಹುದು ಎಂಬುದು ಅದರ ಮಾತು. ಹಲ್ಲಿನ ಹುಳುಕು ತಡೆಯಲೆಂದು ಅಲ್ಲಿನ ನೀರಿಗೆ ಬೆರೆಸುವ 0.7 ಮಿಲಿಗ್ರಾಮಿನ ಬಗ್ಗೆ ತೀರ್ಮಾನಕ್ಕೆ ಬರಲು ಆಧಾರ ಸಾಲದೆಂದೂ ಅದೇ ವರದಿ ಹೇಳಿತು. ಟೂತ್‌ಪೇಸ್ಟಿಗೆ ಹೆದರಿ ಮನೆಯಿಂದ ಹೊರಗೆ ಎಸೆಯುವವರು ಈ ಎರಡನೆಯ ವಾಕ್ಯವನ್ನೂ ಓದಬೇಕು.

ಸರಿ, ಸಂಬಂಧವಿದೆ. ಆದರೆ ನಷ್ಟವಾದದ್ದು ಯಾರಿಗೆ? ಒಂದು ಹಳ್ಳಿಯ ಶಾಲೆಗೆ ಹೋಗಿ "ಈ ಹುಡುಗನ ಬುದ್ಧಿಯಿಂದ ಇಷ್ಟು ಅಂಕ ನೀರು ಕಳೆಯಿತು" ಎಂದು ಯಾವ ವೈದ್ಯನೂ ಬೊಟ್ಟು ಮಾಡಿ ತೋರಿಸಲಾರ. ಬಡತನ, ಅಪೌಷ್ಟಿಕತೆ, ಮೇಷ್ಟ್ರಿಲ್ಲದ ತರಗತಿ ಎಲ್ಲವೂ ಅಲ್ಲಿ ಸೇರಿಕೊಂಡಿವೆ. ಹುಡುಗ ಗಣಿತದಲ್ಲಿ ಹಿಂದೆ ಬಿದ್ದರೆ "ಅವನ ತಲೆಯೇ ಅಷ್ಟು" ಎನ್ನುತ್ತೇವೆ.

ಲೆಕ್ಕ ಬಲ್ಲವರಿಗೆ ಒಂದು ಉದಾಹರಣೆ. ಸರಾಸರಿ ಐಕ್ಯೂ 100 ಇರುವಲ್ಲಿ ಸಾವಿರ ಮಕ್ಕಳಲ್ಲಿ ಸುಮಾರು 23 ಮಂದಿ 70ಕ್ಕಿಂತ ಕೆಳಗಿರುತ್ತಾರೆ. ಏನೋ ಒಂದು ಕಾರಣದಿಂದ ಎಲ್ಲರ ಅಂಕವೂ 5 ಇಳಿಯಿತೆಂದು ಇಟ್ಟುಕೊಳ್ಳಿ. ಒಬ್ಬೊಬ್ಬನನ್ನೇ ನೋಡಿದರೆ ತಾಯಿಗೂ ಗೊತ್ತಾಗದಷ್ಟು ವ್ಯತ್ಯಾಸ. ಆದರೆ 70ಕ್ಕಿಂತ ಕೆಳಗಿನವರು ಸುಮಾರು 48 ಆಗುತ್ತಾರೆ. 130ಕ್ಕಿಂತ ಮೇಲಿದ್ದ 23 ಮಂದಿ ಸುಮಾರು 10ಕ್ಕೆ ಇಳಿಯುತ್ತಾರೆ.

ಬ್ಯಾಂಕಿನಲ್ಲಿ ನನಗಿಂತ ಹಿರಿಯರು ಲೆಡ್ಜರಿನ ಕಾಲದ ಮಾತು ಹೇಳುವುದಿತ್ತು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ತಾಳೆಯಾಗುವ ತನಕ ಮನೆಗೆ ಹೋಗುವಂತಿರಲಿಲ್ಲವಂತೆ. ಆ ಹತ್ತು ಪೈಸೆ ಯಾರದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗೆಂದು ಅದು ಯಾರದೂ ಅಲ್ಲ ಎನ್ನುವ ಧೈರ್ಯ ಯಾವ ಗುಮಾಸ್ತನಿಗೂ ಇರಲಿಲ್ಲ. ನೀರಿನ ವಿಷಯದಲ್ಲಿ ನಮಗೆ ಆ ಧೈರ್ಯ ಎಲ್ಲಿಂದ ಬಂತು?

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ವರೆಗೆ ಸಹಿಸಬಹುದು. ಆಡಳಿತ ನಡೆಸುವವರಿಗೆ ಇಂಥ ಸಡಿಲಿಕೆ ಬೇಕಾಗುತ್ತದೆ, ಒಪ್ಪೋಣ. ಆದರೆ ಮಗುವಿನ ದೇಹಕ್ಕೆ ಪಕ್ಕದಲ್ಲಿ ಇನ್ನೊಂದು ಬಾವಿ ಇದೆಯೋ ಇಲ್ಲವೋ ಎಂಬುದು ತಿಳಿಯದು. ಗತಿಯಿಲ್ಲದವನಿಗೆ ಮಿತಿ ಸ್ವಲ್ಪ ಹೆಚ್ಚು ಎಂಬುದು ವಿಜ್ಞಾನದ ಮಾತಲ್ಲ, ಅನುಕೂಲದ ಮಾತು. ಅದನ್ನು ಅನುಕೂಲವೆಂದೇ ಕರೆಯಬೇಕು.

ದೂರದ್ದಲ್ಲ ಎಂದೆನಲ್ಲ. ಎಣ್ಮಕಜೆ, ಪಡ್ರೆಯ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡವರು ನಾವು. ಆಗಲೂ ಕೇಳಿದ್ದು ಇದನ್ನೇ: ಈ ಮಗುವಿನ ಸ್ಥಿತಿಗೆ ಅದೇ ಕಾರಣವೆಂದು ರುಜುವಾತು ಮಾಡಿ. ರುಜುವಾತಿನ ಭಾರವನ್ನು ಮಗುವನ್ನು ಎತ್ತಿಕೊಂಡ ತಾಯಿಯ ಹೆಗಲಿಗೇ ಹೊರಿಸಿದರು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. 2017ರಲ್ಲಿ ಅದು ಆದೇಶಿಸಿದ ಪರಿಹಾರ 2022ರ ಹೊತ್ತಿಗೆ 3,704 ಮಂದಿಯಲ್ಲಿ 8 ಮಂದಿಗಷ್ಟೇ ಸಿಕ್ಕಿತ್ತೆಂದು ಆ ನ್ಯಾಯಾಲಯವೇ ಗದರಿಸಿತು. ಕಣ್ಣಿಗೆ ಕಾಣುವ, ಪಟ್ಟಿಯಲ್ಲಿ ಹೆಸರಿರುವ ನೋವಿಗೇ ಈ ಗತಿ.

ಫ್ಲೋರೈಡಿನದು ಯಾರೂ ಸುರಿದ ವಿಷವಲ್ಲ, ಬಂಡೆಯಿಂದ ಕರಗಿ ಬಂದದ್ದು. ಅಪರಾಧಿಯನ್ನು ಹುಡುಕಿ ಪ್ರಯೋಜನವಿಲ್ಲ. ಆದರೆ ಅಳತೆ ಗೊತ್ತಾದ ಮೇಲೂ ಅದೇ ಬಾವಿಯ ನೀರನ್ನು ಅಂಗನವಾಡಿಗೆ ಹೊರಿಸಿದರೆ ಹೊಣೆ ಬಂಡೆಯದಲ್ಲ. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ 1970ರ ದಶಕದಿಂದಲೇ ನಮ್ಮ ದೇಶದಲ್ಲಿದೆ. ಹಿಡಿದಿಟ್ಟ ಮಳೆನೀರು ಇದೆ. ಇಡೀ ಊರಿಗೆ ನದಿಯ ನೀರು ತರುವುದಕ್ಕೆ ವರ್ಷಗಳು ಹಿಡಿಯಬಹುದು. ಬಸುರಿಯೊಬ್ಬಳ ಮತ್ತು ಹಾಲುಪುಡಿ ಕುಡಿಯುವ ಕೂಸಿನ ಪಾಲಿಗೆ ಬೇಕಾಗುವುದು ದಿನಕ್ಕೆ ಕೆಲವೇ ಲೀಟರ್. ಅಷ್ಟನ್ನು ಅವರಿಗೆ ಮೊದಲು ಮುಟ್ಟಿಸಲಿ, ಬೋರ್‌ವೆಲ್ಲಿನ ಪಕ್ಕದ ಗೋಡೆಯ ಮೇಲೆ ಅಳತೆಯನ್ನು ಎಲ್ಲರಿಗೂ ಕಾಣುವಂತೆ ಬರೆಯಲಿ. ರುಜುವಾತಿನ ಚರ್ಚೆ ಅದರ ಪಾಡಿಗೆ ನಡೆಯುತ್ತಿರಲಿ.